ತಿನ್ನದವಳ ಪಾಲು

ಕುರಿಯ ತಲೆ ಸುಡುವ ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ಬರುತ್ತದೆ. ಮೊದಲು ಕೂದಲು ಕರಕಾಗುವ ಕಮಟು, ಅದರ ಬೆನ್ನಿಗೇ ಚರ್ಮದಡಿಯ ಕೊಬ್ಬು ಬಿಸಿಯಾಗಿ ಒಸರುವ ಸಿಹಿ, ಆಮೇಲೆ ಕಟ್ಟಿಗೆಯ ಹೊಗೆ. ಜಹೀರಾಬಾದಿನ ಹೆದ್ದಾರಿ ಬದಿಯ ನನ್ನ ಖಾನಾವಳಿಯ ಹಿತ್ತಲಲ್ಲಿ ಈಗ ಗ್ಯಾಸಿನ ನೀಲಿ ಉರಿಯಲ್ಲಿ ತಲೆ ಸುಡುತ್ತಾರೆ. ಚರಚರ ಅಂದು ಕ್ಷಣದಲ್ಲಿ ಮುಗಿಯುತ್ತದೆ, ಹೊಗೆಯ ರುಚಿ ಒಳಗೆ ಇಳಿಯುವುದೇ ಇಲ್ಲ. ಅದಕ್ಕೇ ನಾನು ಇವತ್ತಿಗೂ ಧಾರೂರಿನ ಕಡೆಯಿಂದ ಒಣಗಿದ ತೊಗರಿ ಕಟ್ಟಿಗೆ ತರಿಸಿ, ಗ್ಯಾಸಿನಿಂದ ಬಂದ ತಲೆಯನ್ನು ಅದರ ಉರಿಯ ಮೇಲೆ ಇನ್ನೊಂದು ಸುತ್ತು ತಿರುಗಿಸುತ್ತೇನೆ. ನೀವೂ ಮನೆಯಲ್ಲಿ ಮಾಡುವುದಾದರೆ ಹಾಗೇ ಮಾಡಿ. ತಲೆ ಕೊಳ್ಳುವಾಗ ಕಿವಿ ಮುಟ್ಟಿ ನೋಡಿ. ಕಿವಿ ಮೆತ್ತಗಿದ್ದರೆ ಮರಿ, ಒಣ ತೊಗಲಿನಂತಿದ್ದರೆ ಮುದಿ, ಕಟುಕ ಏನೇ ಆಣೆ ಹಾಕಿದರೂ ನಂಬಬೇಡಿ. ಈ ವಾಸನೆಗೆ ಹೆದ್ದಾರಿಯ ಲಾರಿಗಳು ನಿಲ್ಲುತ್ತವೆ, ಹೈದರಾಬಾದಿಗೆ ಹೋಗುವ ಕಾರುಗಳು ನಿಲ್ಲುತ್ತವೆ. ಉಂಡವರು ಕೈ ತೊಳೆದುಕೊಂಡು ಬಂದು, ಅಕ್ಕಾ, ಮನೆ ಊಟ ನೆನಪಾಯಿತು ಎಂದು ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಅವರಿಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಈ ವಾಸನೆ ಬಂದರೆ ನಾರಾಯಣಖೇಡದ ಮನೆ ನೆನಪಾಗುತ್ತದೆ, ಆ ಮನೆಯ ಒಲೆ ನೆನಪಾಗುತ್ತದೆ, ಒಲೆಯ ಮುಂದೆ ಕೂತ ನನ್ನ ಸೋದರತ್ತೆ ಅಂಬವ್ವ ನೆನಪಾಗುತ್ತಾಳೆ, ಮತ್ತು ನನಗೆ ಸಿಟ್ಟು ಬರುತ್ತದೆ.

ಆ ಮನೆಯ ನೆಲಕ್ಕೆಲ್ಲ ತಾಂಡೂರಿನ ನೀಲಿ ಫರಸಿ ಹಾಸಿತ್ತು. ಫರಸಿ ಕಲ್ಲಿನ ವ್ಯಾಪಾರ ನನ್ನ ದೊಡ್ಡಪ್ಪನದು, ಮನೆಗೆ ಬಂದಿದ್ದು ಲಾರಿಯಲ್ಲಿ ಒಡೆದುಳಿದ ತುಂಡುಗಳು. ಒಂದರ ಅಂಚು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಬೇಸಿಗೆಯಲ್ಲಿ ನಾವು ಅದರ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತಿದ್ದೆವು. ರಸ್ತೆಗೆ ಮುಖ ಮಾಡಿದ ಪಡಸಾಲೆಯ ಮೂಲೆಯಲ್ಲಿ ಒಲೆ. ಅಡಿಗೆ ಒಲೆ ಯಾರಾದರೂ ರಸ್ತೆ ಕಡೆ ಹಾಕುತ್ತಾರಾ ಎಂದು ಬಂದವರೆಲ್ಲ ಕೇಳುತ್ತಿದ್ದರು. ನಮ್ಮ ಅಜ್ಜಿ ಹಾಕಿದ್ದಳು. ಅವಳ ಕಾಲದಲ್ಲಿ ಅಲ್ಲಿ ರೊಟ್ಟಿ ಬಡಿದು ಸಂತೆಗೆ ಬಂದವರಿಗೆ ಮಾರುತ್ತಿದ್ದಳಂತೆ. ಸಾಯುವ ಮುಂಚೆ ಇಬ್ಬರು ಗಂಡುಮಕ್ಕಳನ್ನೂ ಕೂರಿಸಿಕೊಂಡು, ಈ ಒಲಿ, ಈ ಪಡಸಾಲಿ ಅಂಬವ್ವನದು ಎಂದು ಬಾಯಿಬಿಟ್ಟು ಹೇಳಿದ್ದಳು. ಇಬ್ಬರೂ ಆಯಿತವ್ವಾ ಎಂದು ತಲೆ ಆಡಿಸಿದ್ದರು. ಇದು ಓಣಿಗೆಲ್ಲ ಗೊತ್ತಿದ್ದ ಮಾತು.

ಸಂತೆಯ ದಿನ ದೊಡ್ಡಪ್ಪ ಕುರಿ ತರಲು ಹೊರಟರೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ, ನಮ್ಮಪ್ಪನಿಗೆ ನಾನೊಬ್ಬಳೇ. ನಾನು ಇವತ್ತು ಏನು ಬಲ್ಲೆನೋ ಅದನ್ನೆಲ್ಲ ಕಲಿತದ್ದು ಆ ಸಂತೆಯ ಧೂಳಿನಲ್ಲಿ, ಅವರ ಪಕ್ಕದಲ್ಲಿ ನಿಂತು. ಬೇಕಾದ ಕುರಿಯ ಕಡೆ ಮೊದಲು ನೋಡಬಾರದು. ಬೇಡದ ಕುರಿಯ ಹಲ್ಲು ಬಿಡಿಸಿ ನೋಡಬೇಕು, ಬೆನ್ನು ಅಮುಕಬೇಕು, ಮುಖ ಸೊಟ್ಟ ಮಾಡಬೇಕು. ಕಡೆಗೆ ಹೊರಟವರಂತೆ ತಿರುಗಿ, ಇದನ್ನೂ ಮಾರಾಕ ತಂದೀಯೇನು ಅಂತ ಬೇಕಾದದ್ದರ ಕಿವಿ ಹಿಡಿಯಬೇಕು. ಆಮೇಲೆ ಟವೆಲ್ಲಿನ ಕೆಳಗೆ ಕೈ. ಮಾರುವವನ ಬೆರಳು, ಕೊಳ್ಳುವವನ ಬೆರಳು, ಬಾಯಿಯಲ್ಲಿ ಮಾತೇ ಇಲ್ಲ. ನ್ಯಾಲ್ಕಲ್ ಕಡೆಯ ಕುರಿಯವನೊಬ್ಬ ಪ್ರತಿ ಸಲ ಕೈ ಹೊರಗೆ ತೆಗೆದು, "ನಿಮ್ಮ ದೊಡ್ಡಪ್ಪಗ ಕುರಿ ಕೊಟ್ರ ಮನಿಗಿ ಬರೇ ಹಗ್ಗ ಒಯ್ಯಬೇಕವ್ವಾ" ಎಂದು ನನ್ನ ಕಡೆ ನೋಡಿ ನಗುತ್ತಿದ್ದ. ದೊಡ್ಡಪ್ಪ ಮಾತ್ರ ನಗುತ್ತಿರಲಿಲ್ಲ. ಸೌದಾ ಮುಗಿದ ಮೇಲೂ ಅರ್ಧ ದಾರಿಯವರೆಗೆ ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದರು. ಯಾಕೆ ಎಂದು ಕೇಳಿದರೆ, "ಅವ ಹಿಂದ ನಿಂತು ನೋಡ್ತಿರ್ತಾನ" ಎನ್ನುತ್ತಿದ್ದರು. ಈ ಬುದ್ಧಿ ಇಟ್ಟುಕೊಂಡೇ ನಾನು ಒಂದು ಬುಟ್ಟಿ ರೊಟ್ಟಿಯಿಂದ ಖಾನಾವಳಿಯವರೆಗೆ ಬಂದೆ. ಗುರುವಿನ ಮೇಲೆ ಸಿಟ್ಟಿದ್ದರೂ ವಿದ್ಯೆಯನ್ನು ಬಿಸಾಡಲು ಬರುವುದಿಲ್ಲ.

ಆ ಕುರಿ ನಮ್ಮೊಬ್ಬರದೇ ಅಲ್ಲ, ಓಣಿಯ ತಿನ್ನುವ ಮನೆಗಳೆಲ್ಲ ಕೂಡಿ ಕೊಂಡದ್ದು. ಹಿತ್ತಲ ಬೇವಿನ ಮರದ ಕೆಳಗೆ ಕೊಯ್ದು ಹಸನು ಮಾಡಿ, ಮುತ್ತುಗದ ಎಲೆ ಹಾಸಿ, ದೊಡ್ಡಪ್ಪ ಪೋಗು ಹಾಕುತ್ತಿದ್ದರು. ಪೋಗು ಎಂದರೆ ಗುಂಪೆ, ಪಾಲು. ತೂಕದ ಕಲ್ಲಿಲ್ಲ, ತಕ್ಕಡಿಯಿಲ್ಲ. ಪ್ರತಿ ಪೋಗಿಗೂ ಎದೆಯದೊಂದು, ತೊಡೆಯದೊಂದು, ಕರುಳಿನದೊಂದು, ಕಾಳಿಜದ್ದು, ಅಂದರೆ ಲಿವರಿನದು, ಬೆರಳಿನಷ್ಟಾದರೂ ಒಂದು ಬರಲೇಬೇಕು. ಮನೆಯಲ್ಲಿ ತಿನ್ನುವ ಬಾಯಿ ಎಷ್ಟೋ ಅದರ ಮೇಲೆ ಪೋಗು ದೊಡ್ಡದು, ಸಣ್ಣದು. ಪಾಲು ಹಾಕಿದವನು ಎಲ್ಲರೂ ಎತ್ತಿಕೊಂಡ ಮೇಲೆ ಕಡೆಗೆ ಉಳಿದದ್ದನ್ನು ಎತ್ತಿಕೊಳ್ಳಬೇಕು. ಹಾಗಾಗಿ ಮೋಸ ಮಾಡಿದರೆ ಅವನಿಗೇ ಮೋಸ. ಇಂಥ ಚಂದದ ನ್ಯಾಯವನ್ನು ನಾನು ಯಾವ ಕಚೇರಿಯಲ್ಲೂ ನೋಡಿಲ್ಲ. ದೊಡ್ಡಪ್ಪನ ಕೈ ಎಲೆಯಿಂದ ಎಲೆಗೆ ಓಡುತ್ತಿತ್ತು, ಬಾಯಿ ಮನೆ ಮನೆಯ ಬಾಯಿಗಳನ್ನು ಹೇಳುತ್ತಿತ್ತು: ಸಾಯಬಣ್ಣನ ಮನಿ, ಅವ, ಹೆಂಡ್ತಿ, ಮುದುಕಿ, ಮುದುಕಿಗಿ ಹಲ್ಲಿಲ್ಲ, ಮೆತ್ತಂದು ಹಾಕು. ನಮ್ಮ ಮನೆ ಬಂದಾಗ ದೊಡ್ಡವ್ವ, ಅಪ್ಪ, ಅವ್ವ, ನಾನು, ತಾನು. ಅಂಬತ್ತೆಯ ಹೆಸರು ಬರುತ್ತಿರಲಿಲ್ಲ. ಅವಳು ತಿನ್ನುತ್ತಿರಲಿಲ್ಲ.

ಆದರೆ ಅಡಿಗೆ ಅವಳದು. ಆ ಅಡಿಗೆಯನ್ನು ಹೇಗೆ ಹೇಳಲಿ? ಒಣ ಕೊಬ್ಬರಿ ಮತ್ತು ಉಳ್ಳಾಗಡ್ಡಿಯನ್ನು ಕೆಂಡದಲ್ಲೇ ಹೂತು ಸುಡುತ್ತಿದ್ದಳು. ಸುಟ್ಟ ಉಳ್ಳಾಗಡ್ಡಿಯ ಕರಿ ಸಿಪ್ಪೆ ಬಿಡಿಸಿದರೆ ಒಳಗೆ ಜೇನಿನಂಥ ತಿರುಳು. ಕಸಕಸೆ, ಕೊತ್ತಂಬರಿ ಕಾಳು, ಕಲ್ಲುಹೂವು ಒಳಕಲ್ಲಿಗೆ ಬಿದ್ದಾಗ ಮಳೆ ಬೀಳದ ನಮ್ಮ ಊರಲ್ಲಿ ಎಲ್ಲೋ ಮಳೆ ಬಿದ್ದಂಥ ವಾಸನೆ. ಎಳೆಯ ಮರಿಯಾದರೆ ಪುಂಡಿಸೊಪ್ಪಿನ ಹುಳಿಯಲ್ಲಿ ಬೇಯಿಸುವಳು. ಎಲುಬು ಜಾಸ್ತಿ ಬಂದ ವಾರ ತಾಂಡೂರಿನ ತೊಗರಿಬೇಳೆ, ಸೋರೆಕಾಯಿ ಹಾಕಿ ದಾಲ್ಚಾ. ಬೇಳೆ ಕರಗಿ ಎಲುಬಿನ ಜಿಡ್ಡಿಗೆ ಅಂಟಿ, ಸೌಟು ಎತ್ತಿದರೆ ರೇಷ್ಮೆಯ ಹಾಗೆ ಇಳಿಯುತ್ತಿತ್ತು. ಕಾಲಿನ ಸಾರು ಬೆಳಗಿನ ಜಾವದಿಂದ ಸಣ್ಣ ಉರಿಯ ಮೇಲೆ ತನ್ನಷ್ಟಕ್ಕೆ ತಾನು ಗೊಣಗುತ್ತಿತ್ತು. ಬಿಸಿ ಜೋಳದ ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು ಆ ಸಾರು ಸುರಿದರೆ, ರೊಟ್ಟಿ ಅದನ್ನು ಕುಡಿಯುವ ಸದ್ದು ಕೇಳುತ್ತಿತ್ತು, ನಿಜವಾಗಿ ಕೇಳುತ್ತಿತ್ತು. ಮರುದಿನ ತಂಗಳ ರೊಟ್ಟಿಗೆ ಉಳಿದ ಸಾರು, ಅದರ ಮೇಲೆ ಹೆಪ್ಪುಗಟ್ಟಿದ ಬಿಳಿ ಕೊಬ್ಬು, ಒಲೆಯ ಬದಿಗೆ ಇಟ್ಟರೆ ಮೆಲ್ಲಗೆ ಕರಗಿ ಬಂಗಾರದ ಬಣ್ಣಕ್ಕೆ ತಿರುಗುವುದು. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಗುರಮ್ಮಾಯಿಯದು. ಲಿಂಗ ಕಟ್ಟಿದವರು, ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮುದುಕಿ. ಗೋಡೆಯ ಮೇಲಿಂದ ತಲೆ ಹಾಕಿ ಕೂಗುವಳು:

"ಅಂಬವ್ವಾ, ನಿನ್ನ ಮಸಾಲಿ ಗ್ವಾಡಿ ಹಾರಿ ಬಂದು ನನ್ನ ಪೂಜಿದಾಗ ಕುಂತದ. ಏನ್ ಮಾಡ್ಲಿ ಹೇಳು!"

"ಅದಕ್ಕೂ ಒಂದು ಪತ್ರಿ ಏರಿಸಿ ಕಳಸ್ರಿ ಆಯೀ, ಪುಣ್ಯ ಬರ್ತದ."

"ಹುಚ್ಚಿ! ಶಿವ ನಿನ್ನ ಒಲಿ ಮುಂದ ಬಂದು ಕುಂತಾನಂದ್ರ ನನ್ನ ಗತಿ ಏನು?"

ಬೈಯುತ್ತಲೇ ಗೋಡೆಯ ಮೇಲೆ ಒಂದು ಬಟ್ಟಲು ಇಡುವಳು. ಹಬ್ಬವಿದ್ದರೆ ಹೋಳಿಗೆ, ಇಲ್ಲದಿದ್ದರೆ ಮಜ್ಜಿಗೆ. ಎಲ್ಲರ ಊಟ ಮುಗಿದ ಮೇಲೆ ಅತ್ತೆ ತನ್ನೆರಡು ರೊಟ್ಟಿ, ಗುರೆಳ್ಳಿನ ಹಿಂಡಿ, ಒಂದು ಉಳ್ಳಾಗಡ್ಡಿ ಇಟ್ಟುಕೊಂಡು ಆ ಗೋಡೆಯ ಪಕ್ಕ ಕೂರುವಳು. ಆಚೆ ಗುರಮ್ಮಾಯಿ ಕೂರುವಳು. ತಿನ್ನದವರಿಬ್ಬರ ಪಂಕ್ತಿ.

ತಿನ್ನದವಳು ಉಪ್ಪು ಹೇಗೆ ನೋಡುತ್ತಿದ್ದಳು? ನನ್ನ ನಾಲಿಗೆಯಿಂದ. ಕುದಿಯುವ ಸಾರಿನ ಒಂದು ಹನಿಯನ್ನು ಸೌಟಿನ ತುದಿಯಿಂದ ನನ್ನ ಅಂಗೈ ಮೇಲೆ ಬಿಡುವಳು. ಊದಿ ನೆಕ್ಕುತ್ತಿದ್ದೆ. "ಹ್ಯಾಂಗದ?" ಎನ್ನುವಳು. ನಾನು ಬಾಯಿ ಬಿಡುವ ಮುಂಚೆಯೇ ಅವಳಿಗೆ ಉತ್ತರ ಸಿಕ್ಕಿರುತ್ತಿತ್ತು. ಅವಳು ನನ್ನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಆಸೆಯಿಂದ ನೋಡುತ್ತಿದ್ದಳು. ಆ ನೋಟಕ್ಕೆ ಅರ್ಥ ನನಗೆ ಆಗ ಗೊತ್ತಿರಲಿಲ್ಲ. ಅತ್ತಿ ಯಾಕೆ ತಿನ್ನುವುದಿಲ್ಲ ಎಂದು ಅವ್ವನನ್ನು ಕೇಳಿದರೆ, "ಗಂಡ ಸತ್ತ ಮ್ಯಾಲ ಬಿಟ್ಟಾಳ, ಹರಕಿ ಅದ" ಎನ್ನುತ್ತಿದ್ದಳು. ಅತ್ತೆಯ ಗಂಡ ತಾಂಡೂರಿನ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದು, ನಾನು ಹುಟ್ಟುವ ಮುಂಚೆಯೇ ಅಲ್ಲಿ ಕಲ್ಲು ಜಾರಿ ಸತ್ತಿದ್ದ. ಅತ್ತೆ ತವರಿಗೆ ಬಂದಿದ್ದಳು. ಮನೆಯಲ್ಲಿ ಅವಳ ಹರಕೆಯ ಬಗ್ಗೆ ಒಂದು ಹೆಮ್ಮೆಯೇ ಇತ್ತು. ಬಂದ ನೆಂಟರಿಗೆ ದೊಡ್ಡಪ್ಪ ಎಲುಬು ಚೀಪುತ್ತ ಹೇಳುತ್ತಿದ್ದರು: "ನಮ್ಮ ತಂಗಿ ಮುಟ್ಟಂಗಿಲ್ಲ ನೋಡ್ರಿ. ಆದ್ರ ಆಕಿ ಮಾಡಿದ್ದು ಮತ್ತ್ಯಾರೂ ಮಾಡಂಗಿಲ್ಲ."

ನಾನು ದೊಡ್ಡವಳಾಗುವ ಹೊತ್ತಿಗೆ ಮನೆಯಲ್ಲಿ ಅಣ್ಣತಮ್ಮಂದಿರ ಹಿಸ್ಸಾ ಮಾತು ಎದ್ದಿತು. ಊರಿನ ನಾಲ್ಕು ಹಿರಿಯರು ಬಂದು ಪಡಸಾಲೆಯಲ್ಲಿ ಕೂತರು. ಅತ್ತೆ ಅವರಿಗೇ ಎಂದು ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ರಸ್ತೆಗೆ ಆಗ ಡಾಂಬರು ಬಂದಿತ್ತು, ಎದುರಿಗೆ ಬಸ್ಸು ನಿಲ್ಲುತ್ತಿತ್ತು. ಪಡಸಾಲೆಯೆಂದರೆ ಇನ್ನು ಒಲೆಯ ಜಾಗವಾಗಿ ಉಳಿದಿರಲಿಲ್ಲ, ಅಂಗಡಿಯ ಜಾಗವಾಗಿತ್ತು. ಹಿತ್ತಲು, ಒಳಮನೆ, ಬಾವಿ ಎಲ್ಲ ಸರಾಗ ಹಂಚಿಹೋದವು. ಒಬ್ಬ ಹಿರಿಯ ಗಂಟಲು ಸರಿ ಮಾಡಿಕೊಂಡು, "ಈ ಪಡಸಾಲಿ ಅಂಬವ್ವಂದು ಅಂತ ನಿಮ್ಮ ಅವ್ವ ಅಂದಿದ್ಲಲ್ಲ?" ಎಂದ. ದೊಡ್ಡಪ್ಪ ಬಾಗಿಲ ಕಡೆ ನೋಡುತ್ತ, ಬೇಡದ ಕುರಿಯ ಬಗ್ಗೆ ಮಾತಾಡುವ ದನಿಯಲ್ಲಿ ಹೇಳಿದರು:

"ನಮ್ಮ ಓಣಿ ಕಾಯ್ದಾ ನಿಮಗ ಗೊತ್ತದ. ಪೋಗು ತಿನ್ನೋರಿಗಿ. ತಿನ್ನದವರಿಗಿ ಪೋಗು ಯಾಕ? ಆಕಿಗಿ ಬೇಕಾಗಿದ್ದು ಎರಡು ರೊಟ್ಟಿ. ಅವು ಎಲ್ಲಿ ಕುಂತರೂ ಸಿಗ್ತಾವ."

ಹಿರಿಯರು ನಕ್ಕರು. ಒಳ್ಳೆಯ ಮಾತು ಹೇಳಿದನೆಂದೇ ನಕ್ಕರು. ನಮ್ಮಪ್ಪ ಫರಸಿಯ ಸಂದಿನಲ್ಲಿ ಬೆರಳಾಡಿಸುತ್ತ ಕೂತಿದ್ದ. ನಮ್ಮಪ್ಪ ಒಳ್ಳೆಯವನು, ಯಾರಿಗೂ ಒಂದು ಮಾತು ಅಂದವನಲ್ಲ. ಆ ಒಂದು ಮಾತು ಅನ್ನದ್ದಕ್ಕೇ ಅವನ ಮೇಲೆ ನನಗೆ ಇವತ್ತಿಗೂ ಕೋಪ. ಕೆಟ್ಟವರ ಜೊತೆ ಚೌಕಾಸಿ ಮಾಡಬಹುದು. ಇಂಥ ಒಳ್ಳೆಯವರ ಜೊತೆ ಏನು ಮಾಡುತ್ತೀರಿ? ಅತ್ತೆಯ ಕೈ ಮಾತ್ರ ನಿಲ್ಲಲಿಲ್ಲ. ರೊಟ್ಟಿ ಬಡಿಯುವ ಸದ್ದು ಅದೇ ಲಯದಲ್ಲಿ ಬರುತ್ತಲೇ ಇತ್ತು. ಹಿರಿಯರು ಆ ರೊಟ್ಟಿಯನ್ನೇ ಉಂಡು ಹೋದರು. ಮುಂದೆ ಸ್ವಲ್ಪ ದಿನಕ್ಕೆ ಒಲೆ ಒಡೆದು, ಗೋಡೆಗೆ ಕಬ್ಬಿಣದ ಶಟರ್ ಕೂರಿಸಿ, ದೊಡ್ಡಪ್ಪ ಆ ಜಾಗವನ್ನು ಬಾಡಿಗೆಗೆ ಕೊಟ್ಟರು. ಹೆಣ್ಣುಮಕ್ಕಳೇ, ಕೇಳಿ: ಯಾರಾದರೂ ಇದು ನಿನ್ನದು ಎಂದು ಪ್ರೀತಿಯಿಂದ ಬಾಯಿಮಾತಲ್ಲಿ ಕೊಟ್ಟರೆ ಕೈ ಮುಗಿಯಿರಿ, ಮತ್ತು ಮಾರನೆಯ ದಿನವೇ ಅದನ್ನು ಕಾಗದದ ಮೇಲೆ ತನ್ನಿ. ಪ್ರೀತಿ ಸಾಯುತ್ತದೆ ಎಂದಲ್ಲ. ಪ್ರೀತಿ ಮಾಡಿದವರು ಸಾಯುತ್ತಾರೆ.

ಅಪ್ಪ ತನ್ನ ಪಾಲು ಮಾರಿ ಜಹೀರಾಬಾದಿಗೆ ಬಂದ. ಅತ್ತೆ ನಮ್ಮ ಜೊತೆ ಬಂದಳು, ಒಂದು ಟ್ರಂಕು ಮತ್ತು ಒಳಕಲ್ಲಿನ ಗುಂಡು ತಂದಳು. ನನ್ನ ಮದುವೆಯಾಯಿತು, ಅಪ್ಪ, ಅವ್ವ ಒಬ್ಬರ ಹಿಂದೆ ಒಬ್ಬರು ತೀರಿಹೋದರು, ನಾನು ರೊಟ್ಟಿಯ ಬುಟ್ಟಿ ಹೊತ್ತೆ, ಆಮೇಲೆ ಖಾನಾವಳಿ ಹಾಕಿದೆ. ಹೆಸರು ನನ್ನದು, ಚೌಕಾಸಿ ನನ್ನದು, ಕೈ ಅವಳದು. ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದು ಇಬ್ಬರೇ ಕೂತಿದ್ದೆವು. ಪಾತ್ರೆಯ ತಳದಲ್ಲಿ ಪುಂಡಿ ಮಾಂಸ ಉಳಿದಿತ್ತು. ಅವಳಿಗೆ ಆಗಲೇ ದೇಹ ಇಳಿದು ಹೋಗಿತ್ತು. ಡಾಕ್ಟರು ಇದು ಇನ್ನು ಚೇತರಿಸಿಕೊಳ್ಳುವ ಮೈ ಅಲ್ಲ ಎಂದು ನನಗೆ ಬೇರೆಯಾಗಿ ಹೇಳಿದ್ದರು. ನಾನು ತಮಾಷೆಗೇ ಕೇಳಿದೆ.

"ಅತ್ತಿ, ಯಾವ ದೇವರಿಗಿ ಹೊತ್ತ ಹರಕಿ ಅದು? ಹೇಳು, ಆ ದೇವರ ಜೋಡಿ ನಾ ಸೌದಾ ಮಾಡ್ತೀನಿ. ಒಂದು ತುಂಡಾ ತಿನ್ನು. ಮೈಗಿ ಕಸುವು ಬರ್ತದ."

ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನು ಬೇರೆ ಯಾರದೋ ಕತೆ ಅವಳಿಗೆ ಹೇಳಿದಂತಿತ್ತು.

"ಹರಕಿ? ನಂದು ಯಾವ ಹರಕಿನೂ ಇಲ್ಲ ಸುನಂದಾ. ಯಾರು ಹೇಳಿದ್ರು?"

ಆಮೇಲೆ ಹೇಳಿದಳು. ನಮ್ಮವರಲ್ಲಿ ಒಂದು ಪದ್ಧತಿ ಇದೆ. ಗಂಡ ಸತ್ತವಳು ದಿನಕರ್ಮ ಆಗುವವರೆಗೆ ಮಾಂಸ ಮುಟ್ಟುವುದಿಲ್ಲ. ದಿನ ಮುಗಿದ ಮೇಲೆ ತವರಿಗೆ ಕರೆತಂದು, ಕುರಿ ಕೊಯ್ದು, ಒಡಹುಟ್ಟಿದ ಅಣ್ಣನೋ ತಮ್ಮನೋ ಮೊದಲ ತುತ್ತು ಅವಳ ಬಾಯಿಗೆ ಇಡಬೇಕು. ಬಾಯಿ ಬಿಡಿಸುವುದು ಎನ್ನುತ್ತಾರೆ. ನಿನ್ನ ದುಃಖ ಸಾಕು, ಈ ಮನೆಯ ಅನ್ನ ಇನ್ನೂ ನಿನ್ನದು, ಉಣ್ಣು ಎಂದು ಅದರ ಅರ್ಥ. ಆ ತುತ್ತು ಬೀಳದೆ ಅವಳು ತಾನಾಗಿ ಮುಟ್ಟುವಂತಿಲ್ಲ.

"ಅವತ್ತ ದೊಡ್ಡಣ್ಣ ಫರಸಿ ಲಾರಿ ತುಂಬಸಾಕ ಹೋಗಿದ್ದ. ಸಣ್ಣಣ್ಣ, ಅದೇ ನಿಮ್ಮಪ್ಪ, ಹಿರ್ಯಾವ ಬರ್ಲಿ, ಅಂವನೇ ತುತ್ತು ಇಡ್ಬೇಕು ಅಂತ ಕಾದ. ದೊಡ್ಡಣ್ಣ ಸಂಜಿಗಿ ಬಂದ. ತಮ್ಮ ಇಟ್ಟಿರಬೇಕು ಅಂತ ತಿಳಕೊಂಡು ಉಣ್ಣಾಕ ಕುಂತ. ಅಂವ ಕುಂತದ್ದು ನೋಡಿ, ಇಟ್ಟೇ ಕುಂತಾನ ಅಂತ ಇಂವನೂ ಕುಂತ. ನಾ ಬಾಗಿಲದಾಗ ತಾಟು ಹಿಡಕೊಂಡು ನಿಂತಿದ್ದೆ. ಇಬ್ರೂ ಉಂಡ್ರು. ಖಂಡ ಛಲೋ ಬೆಂದದ ಅಂದ್ರು. ಎದ್ದು ಕೈ ತೊಳಕೊಂಡ್ರು."

"ಬಾಯಿಬಿಟ್ಟು ಕೇಳಬಾರದೇನು, ಅತ್ತಿ!"

"ಕೇಳಿ ಇಸ್ಕೊಂಡ್ರ ಅದು ಭಿಕ್ಷಾ ಆಗ್ತದ. ನಾಳಿ ನೆನಪಾಗ್ತದ ಅಂದೆ. ಮುಂದಿನ ಸಂತಿಗಿ ನೆನಪಾಗ್ತದ ಅಂದೆ. ಆಮ್ಯಾಲ ಅವರೇ ಮಂದಿ ಮುಂದ ಹರಕಿ ಹರಕಿ ಅನ್ನಾಕ ಹತ್ತಿದ್ರು. ನಾ ಏನಂತ ಹೇಳ್ಲಿ?"

ನಾನು ಎದ್ದು ಪಾತ್ರೆಯಿಂದ ಒಳ್ಳೆಯ ತುಂಡೊಂದನ್ನು ಆರಿಸಿ ಅವಳ ಬಾಯಿಯ ಹತ್ತಿರ ಹಿಡಿದೆ. ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. "ನೀನೂ ಬ್ಯಾರೆ ಮನಿಗಿ ಕೊಟ್ಟ ಹೆಣ್ಣು, ಮಗಳೇ. ನಿನ್ನ ಕೈ ನನ್ನ ತವರ ಕೈ ಅಲ್ಲ." ಆಮೇಲೆ ಸಣ್ಣದಾಗಿ ನಕ್ಕಳು. "ದೊಡ್ಡಣ್ಣ ಇನ್ನೂ ಹಾನಲ್ಲ. ನೋಡಮು."

ನೋಡಮು! ಅಷ್ಟು ವರ್ಷ ಆ ಮುದುಕಿ ಕಾಯುತ್ತಲೇ ಇದ್ದಳು. ನಾನು ಮಾರನೆಯ ದಿನವೇ ತಾಂಡೂರಿಗೆ ಹೋದೆ. ದೊಡ್ಡಪ್ಪ ಅಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಹಾಕಿಕೊಂಡು ದೊಡ್ಡ ಮನುಷ್ಯರಾಗಿದ್ದರು. ಕಲ್ಲು ಕೊಯ್ಯುವ ಗರಗಸದ ಸದ್ದು, ನೆಲದ ತುಂಬ ಬೂದು ನೀರು, ಗಾಳಿಯಲ್ಲಿ ಹಿಟ್ಟಿನಂಥ ಧೂಳು. ಎಲ್ಲ ಹೇಳಿದೆ. ಬಾಯಿ ಬಿಡಿಸಿಲ್ಲ ಎಂದ ಕೂಡಲೇ ಅವರ ಮುಖ ನಿಜಕ್ಕೂ ಬಿಳಿಚಿತು, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಕಣ್ಣು ತುಂಬಿದವು. "ಅಯ್ಯೋ, ನಾ ಅಂವ ಇಟ್ಟಾನ ಅಂತ ಮಾಡಿದ್ದೆ" ಎಂದರು. ಆಗಲೇ ಎದ್ದು ನನ್ನ ಜೊತೆ ಹೊರಟಿದ್ದರೆ ನಾನು ಈ ಬರಹ ಬರೆಯುತ್ತಲೇ ಇರಲಿಲ್ಲ. ಆದರೆ ಕಣ್ಣೊರೆಸಿಕೊಳ್ಳಲು ಹೆಗಲ ಮೇಲಿನ ಟವೆಲ್ ತೆಗೆದರಲ್ಲ, ಟವೆಲ್ ಕೈಗೆ ಬಂದ ಕೂಡಲೇ ಮನುಷ್ಯ ಬೇರೆಯಾದರು.

"ಒಂದು ಮರಿ ಕಳಸ್ತೀನಿ. ಕೊಯ್ಸಿ ಉಣಸು."

"ಮರಿ ನನ್ನ ಖಾನಾವಳಿದಾಗ ದಿನಾ ಕೊಯ್ತಾರ, ದೊಡ್ಡಪ್ಪ. ಕೈ ಬೇಕು. ನಿಮ್ಮ ಕೈ."

"ಹೈದರಾಬಾದಿಗಿ ಒಯ್ಯಮು. ದೊಡ್ಡ ದವಾಖಾನಿ. ಖರ್ಚು ಎಲ್ಲಾ ನಂದು."

"ಒಂದು ತುತ್ತು. ಬಂದು, ಇಟ್ಟು, ಹೋಗ್ರಿ. ಕಾರು ತಂದೀನಿ."

ಅವರು ಗರಗಸದ ಕಡೆ ನೋಡಿದರು. ಬೇಡದ ಕಡೆ ನೋಡುತ್ತಿದ್ದಾರೆ ಎಂದು ನನಗೆ ತಿಳಿದುಹೋಯಿತು.

"ಸುನಂದಾ, ನೀ ನನ್ನ ಕೈಯಾಗ ಬೆಳದಾಕಿ. ಸುತ್ತು ಹಾಕಿ ಮಾತಾಡಂಗಿಲ್ಲ. ನಾಳಿ ನಾ ಆಕಿ ಬಾಯಿಗಿ ತುತ್ತು ಇಟ್ಟೆ ಅಂದ್ರ, ಆಕಿ ತಿನ್ನಾಕಿ ಅಂತ ಆತು. ತಿನ್ನಾಕಿಗಿ ಪೋಗು ಅದ. ಆ ತುತ್ತಿನ ಹಿಂದ ಪಡಸಾಲಿ ಬರ್ತದ."

"ಯಾರಿಗಿ ಬೇಕಾಗ್ಯಾದ ನಿಮ್ಮ ಪಡಸಾಲಿ? ಬೇಡ ಅಂತ ಬರದು ಕೊಡ್ತೀನಿ."

"ಬರದು ಕೊಡ್ತೀನಿ ಅಂದ್ರ ಹಕ್ಕು ಅದ ಅಂತ ಅರ್ಥ. ಇಲ್ಲದ್ದು ಯಾರು ಬರದು ಕೊಡ್ತಾರ?"

ನನ್ನ ಇಡೀ ಜೀವಮಾನದ ವ್ಯಾಪಾರದಲ್ಲಿ ಅಷ್ಟು ಬಿಗಿಯಾದ ಮಾತಿಗೆ ನಾನು ಎದುರಾಗಿಲ್ಲ. ತಪ್ಪು ನನ್ನ ಚೌಕಾಸಿಯಲ್ಲಿತ್ತು. ಬೇಕಾದ ಕುರಿಯ ಕಡೆ ಮೊದಲೇ ನೋಡಿಬಿಟ್ಟಿದ್ದೆ. ಆದರೆ ಕೇಳಿ, ಒಡಹುಟ್ಟಿದವಳ ಬಾಯಿಗೆ ಒಂದು ತುತ್ತು ಕೊಡಿ ಎನ್ನುವಾಗ ಬೇರೆ ಕಡೆ ನೋಡುವುದು ಹೇಗೆ? ಬಾಗಿಲವರೆಗೆ ಬಂದು ಅವರು, "ಹಬ್ಬಕ್ಕ ಬರ್ತೀನಿ ಅಂತ ಹೇಳು" ಎಂದರು. ನಾನು ಅತ್ತೆಗೆ ಹಾಗೆಂದು ಹೇಳಲಿಲ್ಲ. ಮೊದಲೇ ಕಾದು ಕಾದು ಸುಣ್ಣವಾದವಳಿಗೆ ಇನ್ನೊಂದು ಹಬ್ಬದ ಆಸೆ ಹಚ್ಚುವ ಮನಸ್ಸಾಗಲಿಲ್ಲ. ಅವಳೂ ಕೇಳಲಿಲ್ಲ; ನನ್ನ ಮುಖ ನೋಡಿದಳು, ಹಿಂದೆ ಉಪ್ಪಿಗೆ ನೋಡುತ್ತಿದ್ದಂತೆ, ಉತ್ತರ ಸಿಕ್ಕಿತು. ತೊಗರಿ ಕೊಯ್ಲಿನ ಚಳಿಯಲ್ಲಿ, ಬೆಳಗಿನ ಎಳೆ ಬಿಸಿಲಿಗೆ ಖಾನಾವಳಿಯ ಕಟ್ಟೆಯ ಮೇಲೆ ಕೂತವಳು ಹಾಗೆಯೇ ಗೋಡೆಗೆ ಒರಗಿ ಹೋದಳು. ಮಡಿಲಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ ಇತ್ತು.

ದಿನದ ಊಟಕ್ಕೆ ದೊಡ್ಡಪ್ಪ ಬಂದರು. ಗಾಡಿಯಲ್ಲಿ ದೊಡ್ಡ ಟಗರು ಹಾಕಿಕೊಂಡು, ಬಿಳಿ ಧೋತರ ಉಟ್ಟು, ಬಾಗಿಲಲ್ಲೇ ಗೋಳೋ ಎಂದು ಅತ್ತರು. ಆ ಅಳು ಸುಳ್ಳಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ನಾರಾಯಣಖೇಡದಿಂದ ಗುರಮ್ಮಾಯಿಯೂ ಬಂದಿದ್ದಳು, ಮೊಮ್ಮಗನ ತೋಳು ಹಿಡಿದುಕೊಂಡು, ಬೆನ್ನು ಪೂರಾ ಬಾಗಿ. ಆ ಟಗರಿನ ಅಡಿಗೆ ನಾನೇ ಮಾಡಿದೆ. ಕೊಬ್ಬರಿ ಕೆಂಡದಲ್ಲಿ ಸುಟ್ಟೆ, ಅತ್ತೆಯ ಗುಂಡಿನಲ್ಲೇ ಅರೆದೆ, ತೊಗರಿ ಕಟ್ಟಿಗೆಯ ಉರಿಯಲ್ಲಿ ಬೇಯಿಸಿದೆ. ಉಪ್ಪು ನೋಡಲಿಲ್ಲ. ಅವಳಂತೆ, ಮುಟ್ಟದೆ ಮಾಡಿದೆ. ಫೋಟೋದ ಮುಂದೆ ಎಡೆ ಹಾಕುವ ಹೊತ್ತು ಬಂದಾಗ ದೊಡ್ಡಪ್ಪ ಯಾರಿಗೂ ಬಿಡದೆ ತಾವೇ ತಟ್ಟೆ ಹಿಡಿದರು. ಒಳ್ಳೆ ಒಳ್ಳೆಯ ತುಂಡು ಆರಿಸಿದರು. ಕಾಳಿಜ, ನಲ್ಲಿ ಎಲುಬು, ಎದೆಯ ಮೆತ್ತನೆಯದು. ಹಿಂದೆ ಮುತ್ತುಗದ ಎಲೆಗಳ ಮೇಲೆ ಓಡುತ್ತಿದ್ದ ಅದೇ ಕೈ ಕಡೆಗೂ ಅವಳಿಗೊಂದು ಪೋಗು ಹಾಕಿತು. "ಉಣ್ಣವ್ವಾ, ತಂಗೀ" ಎಂದು ಗಾಜಿನ ಹಿಂದಿನ ಮುಖಕ್ಕೆ ಹೇಳಿತು ಬಾಯಿ.

ನಾನು ಹೋಗಿ ಆ ತಟ್ಟೆ ಎತ್ತಿದೆ.

"ತಿನ್ನದವರಿಗಿ ಪೋಗು ಯಾಕ, ದೊಡ್ಡಪ್ಪ?"

ಕೂತ ಜನರಲ್ಲಿ ಯಾರೋ, ಇವಳಿಗೆ ತಲೆ ಕೆಟ್ಟಿದೆ ಎಂದು ಪಿಸುಗುಟ್ಟಿದರು. ಮೂಲೆಯಿಂದ ಗುರಮ್ಮಾಯಿಯ ಒಡಕು ದನಿ ಬಂತು: "ಖರೇ ಕೇಳ್ಯಾಳ. ಹೇಳಪ್ಪಾ, ಯಾಕ?" ನಾನು ತಟ್ಟೆಯನ್ನು ದೊಡ್ಡಪ್ಪನ ಮುಂದೆಯೇ ಇಟ್ಟೆ. "ನೀವು ತಿನ್ನೋರು. ಉಣ್ರಿ. ಎಡಿ ಹೊರಳಿ ಹೋಗಬಾರದು." ಎಲ್ಲರ ಕಣ್ಣೂ ಅವರ ಮೇಲಿತ್ತು. ಅವರು ಉಂಡರು. ಮೊದಲ ತುತ್ತು ಬಾಯಿಗೆ ಇಟ್ಟುಕೊಂಡು ಬಹಳ ಹೊತ್ತು ಅಗಿದರು, ಆಮೇಲೆ, ಏನು ಹೇಳುತ್ತಿದ್ದೇನೆಂಬ ಅರಿವಿಲ್ಲದೆ, ಬಾಯಿಯ ರೂಢಿಗೆ ಬಂದಂತೆ ಹೇಳಿದರು:

"ಖಂಡ ಛಲೋ ಬೆಂದದ."

ಫೋಟೋದ ಮುಂದೆ ನಾನು ಎರಡು ಜೋಳದ ರೊಟ್ಟಿ, ಗುರೆಳ್ಳಿನ ಹಿಂಡಿ, ಒಂದು ಉಳ್ಳಾಗಡ್ಡಿ ಇಟ್ಟೆ. ಗುರಮ್ಮಾಯಿ ಕುಂಡೆ ಸರಿಸಿಕೊಂಡು ಬಂದು ಅದರ ಪಕ್ಕ ಕೂತಳು. ರೊಟ್ಟಿಯ ಒಂದು ಚೂರು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು.

ನಿಮ್ಮ ಮನೆಯಲ್ಲೂ ತಿನ್ನದವರು ಯಾರಾದರೂ ಇರುತ್ತಾರೆ. ಅದು ಬಿಟ್ಟಿದ್ದಾಳೆ, ಇದು ಆಗಿಬರುವುದಿಲ್ಲ, ಅವಳಿಗೆ ಸೇರುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿರುತ್ತೀರಿ. ನನ್ನ ಮಾತು ಕೇಳಿ, ಅವಳನ್ನೇ ಒಮ್ಮೆ ಕೇಳಿ. ಆಮೇಲೆ ಉಣ್ಣಿ. ನಾರಾಯಣಖೇಡದಲ್ಲಿ ಬಸ್ಸಿನಿಂದ ಇಳಿದರೆ ಆ ಶಟರ್ ಇವತ್ತಿಗೂ ಕಾಣುತ್ತದೆ. ಒಳಗೆ ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿದ್ದಾರೆ, ಒಲೆಯಿದ್ದ ಮೂಲೆಯಲ್ಲಿ ತಂಪು ಪಾನೀಯದ ಗಾಜಿನ ಪೆಟ್ಟಿಗೆ ಗುಂಯ್‌ಗುಡುತ್ತದೆ. ನಾನು ಇಳಿಯುವುದಿಲ್ಲ. ನನ್ನ ಹಿತ್ತಲಲ್ಲಿ ತೊಗರಿ ಕಟ್ಟಿಗೆ ಹತ್ತಿಕೊಂಡು, ಸಾರು ಕುದಿ ಬಂದು, ಕೊಬ್ಬು ಮಸಾಲೆಯಿಂದ ಬಿಟ್ಟು ಮೇಲೆ ತೇಲುವ ಹೊತ್ತಿಗೆ ಸೌಟಿನ ತುದಿಯಿಂದ ಒಂದು ಹನಿಯನ್ನು ನನ್ನ ಅಂಗೈ ಮೇಲೆ ನಾನೇ ಬಿಟ್ಟುಕೊಳ್ಳುತ್ತೇನೆ. ಸುಡುತ್ತದೆ. ಊದಿ ನೆಕ್ಕುತ್ತೇನೆ. ಉಪ್ಪು ಹೇಗಿದೆಯೆಂದು ನನಗೆ ತಕ್ಷಣ ತಿಳಿಯುವುದಿಲ್ಲ. ಯಾರಾದರೂ ನನ್ನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ ಹೇಳಲಿ ಎಂದು, ಒಂದು ಗಳಿಗೆ, ಒಲೆಯ ಆಚೆ ಬದಿಗೆ ಮುಖ ಎತ್ತಿ ಹಿಡಿಯುತ್ತೇನೆ.